ಸ್ಟಾಪ್ ಅಜ್ಜಿಯ ಜಾಗಕ್ಕೊಂದು ಬೋರ್ಡು

ನಮ್ಮತ್ತೆಗೆ ಜೀವನದಲ್ಲಿ ಬೇಕಾಗಿದ್ದದ್ದು ಒಂದೇ: ಕೂತುಕೊಳ್ಳುವುದು. ಒಡವೆ ಕೇಳಿದವರಲ್ಲ, ಊರು ಸುತ್ತಬೇಕು ಅಂದವರಲ್ಲ. ಬೆಳಗ್ಗೆ ಟೀ ಕುಡಿದು, ಮತ್ತೆ ಎಲ್ಲಿಗೂ ಹೋಗದೆ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂರಬೇಕು. ಇದನ್ನು ಅವರು ಎಷ್ಟು ಸಲ ಹೇಳುತ್ತಿದ್ದರೆಂದರೆ ಒಂದು ದಿನ ನನಗೆ ರೇಗಿಹೋಯಿತು.

"ಕೂತ್ಕೊಳ್ಳಿ ಅತ್ತೆ, ಯಾರು ಬೇಡ ಅಂದ್ರು?" ಅಂದೆ.

"ನಾನು ಕೂತ್ರೆ ಮಕ್ಕಳನ್ನ ಯಾರು ದಾಟಿಸ್ತಾರೆ? ನಿಮ್ಮಪ್ಪ ಬರ್ತಾರಾ?"

ನಮ್ಮಪ್ಪನನ್ನು ಎಳೆದರೆ ನನಗೆ ಮೈಯೆಲ್ಲ ಉರಿಯುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಎಳೆಯುತ್ತಾರೆ. ನಾನು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಅವರು ದೊಗಳೆ ಕ್ಯಾನ್ವಾಸ್ ಶೂ ಮೆಟ್ಟಿಕೊಂಡು, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಕೆಲಸಕ್ಕೆ ಹೋದರು.

ಅವರ ಕೆಲಸ ಶಾಲೆಯ ಮುಂದೆ ರಸ್ತೆಯಲ್ಲಿ ನಿಲ್ಲುವುದು. ಮೊದಲು ಅದೇ ಶಾಲೆಯಲ್ಲಿ ಆಯಾ ಆಗಿದ್ದರು. ಕಸ ಗುಡಿಸುವುದು, ಸಣ್ಣವರ ಮೂಗು ಒರೆಸುವುದು, ಚಡ್ಡಿ ಒದ್ದೆ ಮಾಡಿಕೊಂಡವರನ್ನು ತೊಳೆಸಿ ಕೂರಿಸುವುದು. ಆಗ ಶಾಲೆಯ ಮುಂದಿನದು ರಸ್ತೆಯೇ ಅಲ್ಲ, ಓಣಿ. ಆಮೇಲೆ ಆ ಓಣಿಯನ್ನು ಅಗಲ ಮಾಡಿ ದೊಡ್ಡ ರಸ್ತೆಗೆ ಸೇರಿಸಿದರು. ಊರಿನ ಗಾಡಿಗಳೆಲ್ಲ ಸುತ್ತು ತಪ್ಪಿತೆಂದು ಅಲ್ಲೇ ನುಗ್ಗಿದವು. ಒಂದು ಬೆಳಗ್ಗೆ ಎರಡನೇ ಕ್ಲಾಸಿನ ಹುಡುಗಿಗೆ ಬೈಕು ಹೊಡೆದು ಕಾಲು ಮುರಿಯಿತು. ಅವತ್ತೇ ಹೆಡ್‌ಮಿಸ್ಸು ಒಂದು ಕೋಲಿಗೆ ದುಂಡನೆಯ ಹಲಗೆ ಹೊಡೆಸಿ, ಕೆಂಪು ಬಣ್ಣ ಬಳಿಸಿ, ಅದರ ಮೇಲೆ 'ಸ್ಟಾಪ್' ಅಂತ ಬರೆಸಿ ಅತ್ತೆಯ ಕೈಗೆ ಕೊಟ್ಟು, "ಇವತ್ತೊಂದಿನ ನಿಂತ್ಕೊಳ್ಳಮ್ಮ" ಅಂದರಂತೆ. ನಾನು ಮದುವೆಯಾಗಿ ಈ ಮನೆಗೆ ಬರುವ ಹೊತ್ತಿಗೂ ಆ ಇವತ್ತೊಂದಿನ ಮುಗಿದಿರಲಿಲ್ಲ. ನನ್ನ ಮಗಳು ಪುಟ್ಟಿ ಹುಟ್ಟಿ, ಅದೇ ಶಾಲೆಗೆ ಸೇರಿ, ಐದನೇ ಕ್ಲಾಸಿಗೆ ಬಂದರೂ ಮುಗಿದಿರಲಿಲ್ಲ.

ನಿಂತೂ ನಿಂತೂ ಅವರಿಗೆ 'ಸ್ಟಾಪ್ ಅಜ್ಜಿ' ಅಂತ ಹೆಸರು ಬಿತ್ತು. ನಮ್ಮ ಮನೆ ಹುಡುಕಿಕೊಂಡು ಬರುವವರಿಗೆ ಕೆಳಗಿನ ಸೈಕಲ್ ಅಂಗಡಿಯವನು, "ಸ್ಟಾಪ್ ಅಜ್ಜಿ ಮನೆನಾ? ಮೇಲೆ ಹೋಗಿ, ಅವರು ಮಾತ್ರ ಸ್ಟಾಪ್ ಆಗಲ್ಲ" ಅನ್ನುತ್ತಿದ್ದ. ನಗೆ ಬರುವ ಮಾತು. ಆದರೆ ದಿನಾ ಸಂಜೆ ಅವರ ಕಾಲಿಗೆ ಬಿಸಿನೀರು ಇಡುತ್ತಿದ್ದ ನನಗೆ ನಗು ಬರುತ್ತಿರಲಿಲ್ಲ. ಮೀನಖಂಡದಲ್ಲಿ ನರಗಳು ಹಗ್ಗ ಗಂಟು ಹಾಕಿದ ಹಾಗೆ ಎದ್ದು ನಿಂತಿದ್ದವು. ಮಂಡಿಗೆ ನಾನು ಕೆಲಸ ಮಾಡುವ ಮೆಡಿಕಲ್ ಶಾಪಿನಿಂದ ತಂದ ಮುಲಾಮು ಹಚ್ಚಬೇಕು. ನಮ್ಮ ಎರಡು ರೂಮಿನ ಮನೆಗೆ ಆ ಮುಲಾಮಿನ ವಾಸನೆ ಎಷ್ಟು ಹಿಡಿದಿತ್ತೆಂದರೆ ಪುಟ್ಟಿಯ ಯೂನಿಫಾರಮ್ಮಿಗೂ ಅದೇ ವಾಸನೆ.

ಅವರು ನಿಲ್ಲುವ ಕ್ರಮವನ್ನು ಸ್ವಲ್ಪ ಹೇಳಬೇಕು, ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ. ಶಾಲೆಯ ಎದುರು ಬದಿಯ ಫುಟ್‌ಪಾತಿನ ಅಂಚಿನಲ್ಲಿ ಒಂದು ಕಲ್ಲು. ಅದರ ಮೇಲೆ ಅತ್ತೆ. ಅವರ ಹಿಂದೆ ಮಕ್ಕಳ ಸಾಲು, ಎಲ್ಲರಿಗಿಂತ ಸಣ್ಣವರು ಎಲ್ಲರಿಗಿಂತ ಮುಂದೆ. "ನನ್ನ ಬೆನ್ನ ಹಿಂದೆ ನಿಲ್ಲಿ. ರಸ್ತೆ ನೋಡ್ಬೇಡಿ, ನನ್ನ ಕಾಲು ನೋಡಿ. ನನ್ನ ಕಾಲು ಇಳಿದ್ರೆ ನಿಮ್ಮ ಕಾಲು ಇಳೀಬೇಕು." ಅವರ ಶಾಸ್ತ್ರವೆಲ್ಲ ಇಷ್ಟೇ. ರಸ್ತೆ ನೋಡಿದ ಮಗು ಹೆದರುತ್ತದೆ, ಹೆದರಿದ ಮಗು ಓಡುತ್ತದೆ, ಓಡಿದ ಮಗು ಬೀಳುತ್ತದೆ ಎಂಬುದು ಅವರ ಲೆಕ್ಕ. ಹಾಗಾಗಿ ಮಕ್ಕಳೆಲ್ಲ ತಲೆ ಬಗ್ಗಿಸಿಕೊಂಡು ಅವರ ಹಿಮ್ಮಡಿಯನ್ನೇ ನೋಡುತ್ತ ನಿಲ್ಲುತ್ತಿದ್ದವು. ಅತ್ತೆ ಮಾತ್ರ ರಸ್ತೆ ನೋಡುತ್ತಿದ್ದರು. ಅದೂ ಗಾಡಿಯನ್ನಲ್ಲ, ಓಡಿಸುವವನ ಮುಖವನ್ನು. "ಗಾಡಿ ಸುಳ್ಳು ಹೇಳುತ್ತೆ, ಮುಖ ಹೇಳಲ್ಲ" ಅನ್ನುತ್ತಿದ್ದರು. ಮುಖದಲ್ಲಿ ನಿಲ್ಲಿಸುವ ಮನಸ್ಸು ಕಂಡ ಮೇಲೇ ಹಲಗೆ ಮುಂದೆ ಚಾಚಿ ಕಾಲು ಇಳಿಸುವುದು. ನಿಲ್ಲಿಸದವರ ಬಾನೆಟ್ಟಿಗೆ ಅದೇ ಹಲಗೆಯಿಂದ ಒಂದು ಬಿಡುತ್ತಿದ್ದದ್ದೂ ಉಂಟು. ಎಷ್ಟೋ ಜನರ ಹತ್ತಿರ ಬೈಸಿಕೊಂಡಿದ್ದಾರೆ. ಬೈದವರನ್ನು ಸುಮ್ಮನೆ ಬಿಟ್ಟಿದ್ದಾರೆ ಅಂತ ನಾನು ಹೇಳಲಾರೆ.

ಆ ಕೆಲಸ ಬಿಡಬೇಕೆಂದರೆ ಬಿಡುವ ಹಾಗೂ ಇರಲಿಲ್ಲ. ಒಮ್ಮೆ ಜ್ವರ ಬಂದು ಮಲಗಿದ್ದಾಗ ಶಾಲೆಯ ತೋಟದ ಮಾಲಿಯನ್ನು ನಿಲ್ಲಿಸಿದ್ದರು. ಅವನು ಒಂದು ಕೈಯಲ್ಲಿ ಹಲಗೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಫೋನಿನ ಕೈಯನ್ನೇ ಎತ್ತಿ ಗಾಡಿ ನಿಲ್ಲಿಸಲು ಹೋದನಂತೆ. ಪುಟ್ಟಿ ಬಂದು ಹೇಳಿದ್ದೇ ತಡ, ಅತ್ತೆ ಜ್ವರದಲ್ಲೇ ಎದ್ದು ಹೊರಟರು. "ತಾ ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಅಂತ ಸುಮ್ನೆ ಹೇಳಿಲ್ಲ" ಅಂದರು. ಆವತ್ತಿನಿಂದಲೇ ಅವರ ತಲೆಗೆ ಬೋರ್ಡಿನ ಹುಚ್ಚು ಹತ್ತಿದ್ದು. ಬೋರ್ಡಿಗೆ ಜ್ವರ ಬರಲ್ಲ, ಬೋರ್ಡಿಗೆ ಮಂಡಿ ನೋಯಲ್ಲ, ಬೋರ್ಡು ಫೋನಲ್ಲಿ ಮಾತಾಡಲ್ಲ. ಅಲ್ಲೊಂದು ಒಳ್ಳೆಯ ಬೋರ್ಡು ಬಂದುಬಿಟ್ಟರೆ ತಾನು ಕೂರಬಹುದು.

ರಸ್ತೆ ಆಫೀಸಿಗೆ ಅಲೆಯಲು ಶುರುಮಾಡಿದರು. ಶಾಲೆ ಶುರುವಾಗುವಾಗ ನಿಂತು, ಬಿಡುವಾಗ ನಿಂತು, ನಡುವೆ ಸಿಗುತ್ತಿದ್ದ ಬಿಡುವಿನಲ್ಲಿ ಬಸ್ಸು ಹತ್ತಿ ಆಫೀಸಿನ ಬೆಂಚಿನಲ್ಲಿ ಕಾಯುವುದು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಒಬ್ಬ ಸಾಹೇಬರು, "ಅಜ್ಜಿ, ನೀವೇ ಒಂದು ಬೋರ್ಡು ಇದ್ದ ಹಾಗಿದೀರಲ್ಲ" ಅಂತ ಜೋಕು ಮಾಡಿ ಕಳಿಸಿದರಂತೆ. ದೊಡ್ಡ ಸಾಹೇಬರು ಆಗಲಿ ಅಂದರೆ ಗುಮಾಸ್ತ ನೋಡೋಣ ಅನ್ನುತ್ತಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಕೊನೆಗೆ ಒಬ್ಬ ಹೊಸ ಇಂಜಿನಿಯರ್ ಮೇಡಂ ಬಂದರು. ಅವರು ಒಂದು ಬೆಳಗ್ಗೆ ತಾವೇ ಬಂದು ರಸ್ತೆಯ ಬದಿಯಲ್ಲಿ ಸುಮ್ಮನೆ ನಿಂತು ನೋಡಿದರು. ಬೋರ್ಡು ಮಂಜೂರಾಯಿತು. ಎರಡೂ ಕಡೆ ದೂರದಲ್ಲಿ ಮಕ್ಕಳ ಚಿತ್ರದ ತ್ರಿಕೋನದ ಬೋರ್ಡು, ರಸ್ತೆಗೆ ಅಡ್ಡಡ್ಡ ಬಿಳಿ ಪಟ್ಟೆ, ದಾಟುವ ಕಡೆ ಒಂದು ದೊಡ್ಡ ಕೆಂಪು ಬೋರ್ಡು: 'ಮಕ್ಕಳು ದಾಟುವ ಜಾಗ, ಗಾಡಿ ನಿಲ್ಲಿಸಿ.' ಅವತ್ತು ಅತ್ತೆ ಮನೆಗೆ ಬಂದವರು ಮೆಟ್ಟಿಲು ಹತ್ತಿದ್ದೇ ನನಗೆ ಕೇಳಿಸಲಿಲ್ಲ, ಅಷ್ಟು ಹಗುರಾಗಿದ್ದರು.

ಬೋರ್ಡು ನೆಟ್ಟದ್ದು ರಜೆಯ ದಿನ. ಇಂಜಿನಿಯರ್ ಮೇಡಂಗೆ ಅವತ್ತು ಬೇರೆಲ್ಲೋ ರಸ್ತೆ ಕುಸಿದಿದೆ ಅಂತ ಕರೆ ಬಂದು ಅವರು ಅಲ್ಲಿಗೆ ಹೋಗಿದ್ದರು. ಬೋರ್ಡು, ಕಂಬ, ಸಿಮೆಂಟು ಹೊತ್ತು ಬಂದವರು ಇಬ್ಬರು ಕೆಲಸದವರು. ನಾನು ಫ್ಲಾಸ್ಕಿನಲ್ಲಿ ಟೀ ತೆಗೆದುಕೊಂಡು ಹೋದಾಗ ಆಗಲೇ ವಾದ ನಡೆದಿತ್ತು. ಅವರಿಬ್ಬರೂ ದಾಟುವ ಜಾಗಕ್ಕಿಂತ ಆಚೆ ಗುಂಡಿ ತೋಡಲು ಹೊರಟಿದ್ದರು. ಕಂಬ ನೋಡಿದರೆ ಆಳಿಗಿಂತ ಎಷ್ಟೋ ಎತ್ತರ.

"ಅಷ್ಟು ಮೇಲೆ ಯಾರು ಓದ್ತಾರೆ, ಕಾಗೆನಾ?" ಅಂತ ಅತ್ತೆ. "ಡ್ರೈವರ್ ಕಣ್ಣು ಇರೋದು ಇಲ್ಲಿ. ನನ್ನ ಎತ್ತರಕ್ಕೆ ಹಾಕ್ರಪ್ಪ. ನಾನು ನಿಲ್ಲೋ ಕಲ್ಲಿನ ಹತ್ರಾನೇ ಹಾಕಿ."

"ಡ್ರಾಯಿಂಗಲ್ಲಿ ಹಾಗಿಲ್ಲ ಅಜ್ಜಿ" ಅಂದ ಹಿರಿಯವನು.

"ಇಷ್ಟು ವರ್ಷ ಇಲ್ಲಿ ನಿಂತಿದ್ದು ನಿಮ್ಮ ಡ್ರಾಯಿಂಗಾ, ನಾನಾ?"

ಅವನು ತಲೆ ಕೆರೆದುಕೊಂಡ. ಬಿಸಿಲು ಏರುತ್ತಿತ್ತು. ಗಿಡ್ಡ ಕಂಬವಾದರೆ ಏಣಿ ಹಾಕುವ ಕೆಲಸವೂ ತಪ್ಪುತ್ತದೆ. ಟೀ ಕುಡಿದು, ಕಂಬವನ್ನು ಕತ್ತರಿಸಿ, ಅತ್ತೆ ತೋರಿಸಿದ ಕಲ್ಲಿನ ಪಕ್ಕದಲ್ಲೇ ನೆಟ್ಟುಬಿಟ್ಟರು. ಬೋರ್ಡಿನ ತಲೆ ಅತ್ತೆಯ ತಲೆಯ ಸಮಕ್ಕೆ ಬಂತು, ಬುಡ ಮೊಣಕಾಲಿಗೆ. ಅತ್ತೆ ಅದರ ಪಕ್ಕ ನಿಂತು ಭುಜಕ್ಕೆ ಭುಜ ಹೋಲಿಸಿ, "ನೋಡೇ, ನನ್ನ ಹಾಗೇ ಇಲ್ವಾ?" ಅಂದರು.

"ನಿಮಗಿಂತ ತೆಳ್ಳಗಿದೆ. ಮಾತೂ ಕಮ್ಮಿ" ಅಂದೆ.

ಅವರು ಬೈಯಲಿಲ್ಲ. ನಗುತ್ತ ಬೋರ್ಡಿನ ಮೇಲಿದ್ದ ಧೂಳನ್ನು ಅಂಗೈಯಲ್ಲಿ ಒರೆಸಿದರು. ಅವರ ಮುಖದಲ್ಲಿ ಅಂಥ ನಿರಾಳವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಒಂದು ತಗಡು ನೋಡಿ ಇಷ್ಟು ಸಂತೋಷಪಡಬೇಕಾದರೆ ಈ ಹೆಂಗಸಿಗೆ ಎಷ್ಟು ಸುಸ್ತಾಗಿದ್ದಿರಬೇಕು.

ಸೋಮವಾರ ಶಾಲೆಯಲ್ಲಿ ಹೆಡ್‌ಮಿಸ್ಸು ನಾಲ್ಕು ಮಾತು ಆಡಿದರು, ಮಕ್ಕಳು ಚಪ್ಪಾಳೆ ತಟ್ಟಿದವು, ಹಲಗೆಯನ್ನೂ ಹೊಳೆಯುವ ಜಾಕೆಟ್ಟನ್ನೂ ವಾಪಸು ತೆಗೆದುಕೊಂಡು ಬೀರುವಿನಲ್ಲಿಟ್ಟರು. ಅತ್ತೆ ಮನೆಗೆ ಬಂದು ಕುರ್ಚಿಯಲ್ಲಿ ಕೂತರು. ಕೂತವರು ಹಾಗೇ ನಿದ್ದೆ ಹೋದರು. ಆ ವಾರವೆಲ್ಲ ನಿದ್ದೆ. ಬೆಳಗ್ಗೆ ನಿದ್ದೆ, ಊಟ ಮಾಡಿ ನಿದ್ದೆ, ಟೀವಿ ಮುಂದೆ ನಿದ್ದೆ. ಎರಡನೇ ವಾರಕ್ಕೆ ಕಾಲಿನ ಊತ ಇಳಿಯಿತು, ನಾಲಿಗೆ ಎದ್ದಿತು. ನಾನು ಈರುಳ್ಳಿ ದಪ್ಪ ಹೆಚ್ಚುತ್ತೇನೆ, ಬಟ್ಟೆ ಹಿಂಡದೆ ಒಣಹಾಕುತ್ತೇನೆ, ನಲ್ಲಿ ಸರಿಯಾಗಿ ತಿರುಗಿಸುವುದಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಬರುವ ಹೊತ್ತಿಗೆ ಅತ್ತೆ ಮನೆಯಲ್ಲೇ ಠಿಕಾಣಿ ಹೂಡಿದರಲ್ಲ ಅಂತ ನಾನು ನನ್ನ ಗಂಡನ ಹತ್ತಿರ ಗೊಣಗಿದ್ದೂ ಆಯಿತು. ಆದರೆ ನಿಜ ಹೇಳಬೇಕೆಂದರೆ, ಸಂಜೆ ಬಿಸಿನೀರು ಇಡುವ ಕೆಲಸ ಇಲ್ಲದೆ ನನಗೂ ಸ್ವಲ್ಪ ಕೂರಲು ಆಗುತ್ತಿತ್ತು.

ನನ್ನ ಗಂಡ ವ್ಯಾನ್ ಡ್ರೈವರು. ಅಂಗಡಿಗಳಿಗೆ ನೀರಿನ ಕ್ಯಾನು ಹಾಕುತ್ತಾರೆ. ಬೆಳಗ್ಗೆ ಹೋದರೆ ಕತ್ತಲಾದ ಮೇಲೇ ಬರುವುದು. ಒಂದು ದಿನ ಶಾಲೆ ಶುರುವಾಗಿ ಇನ್ನೂ ಸ್ವಲ್ಪ ಹೊತ್ತಾಗಿತ್ತು ಅಷ್ಟೇ, ನಾನು ಕೆಲಸಕ್ಕೆ ಹೊರಡುತ್ತಿದ್ದೆ, ಅವರು ಮೆಟ್ಟಿಲ ಮೇಲೆ ಕೂತಿದ್ದು ಕಾಣಿಸಿತು. ಮೇಲೆ ಬರಲೂ ಇಲ್ಲ, ಕರೆಯಲೂ ಇಲ್ಲ. ಒಳಗೆ ಕರೆದುಕೊಂಡು ಬಂದು ನೀರು ಕೊಟ್ಟೆ. ಅತ್ತೆ ಕುರ್ಚಿಯಿಂದಲೇ, "ಏನಾಯ್ತೋ?" ಅಂದರು.

"ಶಾಲೆ ಹತ್ರ ಒಂದು ಮಗು ವ್ಯಾನಿಗೆ ಅಡ್ಡ ಬಂತಮ್ಮ" ಅಂದರು. "ಬ್ರೇಕ್ ಹಾಕಿದೆ. ಮಗುಗೆ ಏನೂ ಆಗಿಲ್ಲ. ಬ್ಯಾಗ್ ಚಕ್ರದ ಕೆಳಗೆ ಹೋಯ್ತು."

ನನ್ನ ಬಾಯಿಗೆ ಪುಟ್ಟಿಯ ಹೆಸರು ಬಂದದ್ದು ನೋಡಿ, "ಪುಟ್ಟಿ ಅಲ್ಲ, ಬೇರೆ ಮಗು, ಸಣ್ಣದು" ಅಂದರು.

ಅತ್ತೆ ಎದ್ದು ನಿಂತರು. "ನಿನ್ನ ಕಣ್ಣು ಎಲ್ಲಿತ್ತು? ಅಷ್ಟು ದೊಡ್ಡ ಬೋರ್ಡು ಕಾಣಿಸ್ಲಿಲ್ವಾ? ನಿಮ್ಮ ಡ್ರೈವರ್ ಜಾತಿನೇ ಅಷ್ಟು, ಸ್ಟೀರಿಂಗ್ ಸಿಕ್ರೆ ಮನುಷ್ಯರಲ್ಲ. ನನ್ನ ಹೊಟ್ಟೇಲಿ ಹುಟ್ಟಿದೋನೂ ಅಷ್ಟೇ ಆದ್ಯಲ್ಲೋ."

"ಬೋರ್ಡು ಕಾಣಿಸ್ತಮ್ಮ. ಕಾಣಿಸಿದ್ದಕ್ಕೇ ನಿಧಾನ ಮಾಡಿದೆ. ಯಾರೂ ಇರ್ಲಿಲ್ಲ. ಜಾಗ ಖಾಲಿ ಇತ್ತು. ಖಾಲಿ ಇದೆ ಅಂತ ಮುಂದೆ ಬಂದೆ. ಬೋರ್ಡಿನ ಹಿಂದಿಂದ ಓಡಿ ಬಂದ್ಬಿಡ್ತು."

"ಸುಳ್ಳು" ಅಂದರು ಅತ್ತೆ.

ನನ್ನ ಗಂಡ ಅತ್ತುಬಿಟ್ಟರು. ನನ್ನ ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಅವರಿಗೂ ಒಂದು ಮಗು ಇದೆ, ಅದೇ ರಸ್ತೆ ದಾಟುತ್ತದೆ, ಅದು ಅವರಿಗೆ ಮರೆತಿರುತ್ತದೆಯೇ? ನನಗೆ ಅತ್ತೆಯ ಮೇಲೆ ತಡೆಯಲಾರದ ಸಿಟ್ಟು ಬಂತು. "ಸಾಕು ಬಿಡಿ ಅತ್ತೆ" ಅಂದೆ. ಇವರು ಅವತ್ತು ಊಟ ಮಾಡಲಿಲ್ಲ. ಅತ್ತೆಯೂ ಮಾಡಲಿಲ್ಲ.

ಮರುದಿನ ಬೆಳಗ್ಗೆ ಅತ್ತೆ ಕ್ಯಾನ್ವಾಸ್ ಶೂ ಹಾಕಿಕೊಂಡರು. ನನಗೂ ಬಾ ಅಂದರು. ಶಾಲೆಯ ಕಡೆ ಹೋಗದೆ ರಸ್ತೆಯ ಮೇಲ್ಭಾಗದಿಂದ, ಗಾಡಿಗಳು ಬರುವ ಕಡೆಯಿಂದ ನಡೆದೆವು. ಬೋರ್ಡು ದೂರದಿಂದಲೇ ಕಾಣಿಸಿತು. ಕೆಂಪಗೆ, ಅಚ್ಚುಕಟ್ಟಾಗಿತ್ತು. ಅದರ ಅಕ್ಕಪಕ್ಕ ಯಾರೂ ಇರಲಿಲ್ಲ. ಅತ್ತೆ, "ಇನ್ನೂ ಮಕ್ಕಳು ಬಂದಿಲ್ಲ" ಅಂದರು. ಇನ್ನಷ್ಟು ಹತ್ತಿರ ಹೋದಾಗ ಬೋರ್ಡಿನ ಬುಡದ ಕೆಳಗೆ ಸಾಲಾಗಿ ಸಣ್ಣ ಸಣ್ಣ ಕಪ್ಪು ಶೂಗಳು ಕಂಡವು.

ಸುತ್ತಿ ಬಂದು ನೋಡಿದೆವು. ಮಕ್ಕಳು ಬೋರ್ಡಿನ ಹಿಂದೆ ಸಾಲಾಗಿ ನಿಂತಿದ್ದವು. ಎಲ್ಲರಿಗಿಂತ ಸಣ್ಣವರು ಎಲ್ಲರಿಗಿಂತ ಮುಂದೆ. ಯಾರೂ ತಳ್ಳುತ್ತಿರಲಿಲ್ಲ, ಯಾರೂ ಕೂಗುತ್ತಿರಲಿಲ್ಲ. ಎಲ್ಲ ತಲೆ ಬಗ್ಗಿಸಿಕೊಂಡು ಕಂಬದ ಬುಡ ನೋಡುತ್ತಿದ್ದವು. ಕಂಬಕ್ಕೆ ಕಾಲಿಲ್ಲ, ಅದು ಇಳಿಯುವುದಿಲ್ಲ. ನೋಡಿ ನೋಡಿ ಬೇಜಾರಾದ ಒಂದು ಮಗು ಓಡುತ್ತದೆ, ಅದರ ಹಿಂದೆ ಉಳಿದವು ಓಡುತ್ತವೆ. ಅಲ್ಲಿಯವರೆಗೆ ಬರುವ ಗಾಡಿಗೆ ಒಂದು ತಲೆಯೂ ಕಾಣುವುದಿಲ್ಲ.

"ಯಾಕ್ರೋ ಇಲ್ಲಿ ನಿಂತಿದೀರ?" ಅಂತ ಕೇಳಿದರು ಅತ್ತೆ. ದನಿ ಅವರದ್ದೇ ಅಲ್ಲ ಅನ್ನಿಸಿತು.

ಮುಂದೆ ನಿಂತಿದ್ದ ಎರಡು ಜಡೆಯ ಹುಡುಗಿ ತಲೆ ಎತ್ತಿ, "ಬೆನ್ನ ಹಿಂದೆ ನಿಲ್ಬೇಕು ಅಂತ ನೀವೇ ಹೇಳಿದ್ರಲ್ಲ ಅಜ್ಜಿ" ಅಂದಳು. ಮಗುವಿನ ಮಾತಿನಲ್ಲಿ ದೂರು ಏನೂ ಇರಲಿಲ್ಲ. ಹೇಳಿದ್ದನ್ನು ಸರಿಯಾಗಿ ಮಾಡಿದ್ದೇನೆ, ಜಾಣೆ ಅನ್ನಿ ಎಂಬ ಹಾಗೆ ನೋಡಿದಳು.

ಅತ್ತೆ ಬರಿಗೈ ಎತ್ತಿ ರಸ್ತೆಗಿಳಿದು ಅವರನ್ನೆಲ್ಲ ದಾಟಿಸಿದರು. ರಾತ್ರಿ ಊಟಕ್ಕೆ ಇವರ ತಟ್ಟೆಯನ್ನು ತಾವೇ ತಂದು ಮುಂದಿಟ್ಟು, "ತಪ್ಪು ನಂದು ಕಣೋ. ನಿಂದಲ್ಲ. ಊಟ ಮಾಡು" ಅಂದರು. ನಮ್ಮತ್ತೆ ಯಾರಿಗಾದರೂ ತಪ್ಪು ನಂದು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇವರು ತಲೆ ತಗ್ಗಿಸಿಕೊಂಡೇ ಊಟ ಮಾಡಿದರು.

ರಸ್ತೆ ಆಫೀಸಿಗೆ ನಾನೂ ಜೊತೆಗೆ ಹೋದೆ. ಅತ್ತೆ ಇಂಜಿನಿಯರ್ ಮೇಡಂ ಮುಂದೆ ನಿಂತು, "ಬೋರ್ಡು ಕೀಳಿಸಿಬಿಡಿ. ನಾನು ಕೇಳಿದ್ದೇ ತಪ್ಪಾಯ್ತು" ಅಂದರು. ಮೇಡಂ ಅವರನ್ನು ಕೂರಿಸಿದರು. ನೆಟ್ಟ ಮೇಲಾದರೂ ತಾವು ಬಂದು ನೋಡಬೇಕಿತ್ತು, ಬರಲಿಲ್ಲ ಅಂತ ತಮ್ಮನ್ನೇ ಬೈದುಕೊಂಡರು. ಬೋರ್ಡು ಕೀಳುವುದು ಬೇಡ, ಡ್ರಾಯಿಂಗಿನಲ್ಲಿದ್ದ ಹಾಗೆ ಆಚೆಗೆ ಸರಿಸಿ, ಉದ್ದ ಕಂಬದ ಮೇಲೆ ತಲೆಗಳಿಗಿಂತ ಎತ್ತರಕ್ಕೆ ಹಾಕಿಸೋಣ ಅಂದರು.

"ಅಷ್ಟು ಮಾಡಿದ್ರೆ ಸಾಕಾ? ನಾನು ಮನೆಗೆ ಹೋಗಬಹುದಾ?" ಅಂತ ಅತ್ತೆ ಕೇಳಿದರು. ಚಿಕ್ಕ ಮಗು ಆಟಕ್ಕೆ ಹೋಗಲಾ ಅಂತ ಕೇಳಿದ ಹಾಗಿತ್ತು.

ಮೇಡಂ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಬೋರ್ಡು ಡ್ರೈವರಿಗೆ ಹೇಳುತ್ತೆ ಅಜ್ಜಿ. ಮಕ್ಕಳಿಗೆ ಹೇಳಲ್ಲ. ನಿಮ್ಮ ಮಕ್ಕಳು ರಸ್ತೆನೇ ನೋಡಲ್ಲವಲ್ಲ. ನೋಡೋದನ್ನ ಯಾರಾದ್ರೂ ಕಲಿಸ್ಬೇಕು."

ಯಾರಾದರೂ ಅಂದರೆ ಯಾರು ಎಂದು ಅತ್ತೆ ಕೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿ ಕಣ್ಣು ಮುಚ್ಚಿಕೊಂಡರು. "ಮಾಡಿದ್ದುಣ್ಣೋ ಮಹರಾಯ" ಅಂತ ಒಂದು ಸಲ ಗೊಣಗಿದ್ದು ಮಾತ್ರ ಕೇಳಿಸಿತು.

ಬೋರ್ಡು ಸರಿದು ಮೇಲೇರಿತು. ಮೇಡಂ ಫುಟ್‌ಪಾತಿನ ಮೇಲೆ ಒಂದು ಹಳದಿ ಗೆರೆ ಎಳೆಸಿದರು, ಅಲ್ಲಿ ನಿಂತರೆ ಎಲ್ಲ ಗಾಡಿಗೂ ಮಕ್ಕಳು ಕಾಣುತ್ತಾರೆ. ಅತ್ತೆ ಮತ್ತೆ ದಿನಾ ಹೋಗತೊಡಗಿದರು. ಈ ಸಲ ಹಲಗೆ ಇಲ್ಲ, ಜಾಕೆಟ್ ಇಲ್ಲ. ನಿಲ್ಲುವುದೂ ಎದುರು ಬದಿಯಲ್ಲಿ, ಶಾಲೆಯ ಗೋಡೆಗೆ ಒರಗಿ, ಕೈ ಹಿಂದೆ ಕಟ್ಟಿಕೊಂಡು. ಸುಮ್ಮನೆ ನಿಲ್ಲುವುದು ಎಂಥ ಕಷ್ಟದ ಕೆಲಸ ಅಂತ ನನಗೆ ಗೊತ್ತಾದದ್ದು ಆಗಲೇ. ಅವರನ್ನು ನೋಡಿದ ಮಕ್ಕಳು ಖುಷಿಯಿಂದ ಅವರ ಕಾಲನ್ನೇ ನೋಡುತ್ತ ಕಾದವು. ಅತ್ತೆ ಕಾಲು ಇಳಿಸಲಿಲ್ಲ. "ನನ್ನ ನೋಡ್ಬೇಡ್ರೋ, ಗಾಡಿ ನೋಡಿ" ಅಂತ ಕೂಗಿದರು. ಅಜ್ಜಿಗೆ ತಮ್ಮ ಮೇಲೆ ಕೋಪ ಬಂದಿದೆ ಅಂದುಕೊಂಡು ಎರಡು ಜಡೆಯ ಹುಡುಗಿ ಅತ್ತಳು. ಅವತ್ತು ಅರ್ಧ ಶಾಲೆ ತಡವಾಗಿ ಒಳಗೆ ಹೋಯಿತು. ಹೆಡ್‌ಮಿಸ್ಸು ಮುಖ ಊದಿಸಿಕೊಂಡರು.

ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳನ್ನು ಅಂಗಳದಲ್ಲಿ ಗೆರೆ ಎಳೆದು ನಿಲ್ಲಿಸಿ, ತಾವೇ ಗಾಡಿಯಾಗಿ ಬಂದು ಅಭ್ಯಾಸ ಮಾಡಿಸುತ್ತಿದ್ದರಂತೆ. ಗೆರೆ ಮೇಲೆ ನಿಲ್ಲು, ಕೈ ಎತ್ತು, ಆ ಕಡೆ ನೋಡು, ಈ ಕಡೆ ನೋಡು, ಓಡಿಸುವವನ ಮುಖ ನೋಡು, ಚಕ್ರ ನಿಲ್ಲುವವರೆಗೂ ಕಾಲು ಇಳಿಸಬೇಡ. ಪುಟ್ಟಿ ಬಂದು, "ಅಜ್ಜಿ ಹಾರ್ನ್ ಹೊಡೀತಾರಮ್ಮ, ಬಾಯಲ್ಲಿ" ಅಂತ ನಕ್ಕಳು. ಅಜ್ಜಿ ನಗಲಿಲ್ಲ. ಊತ ಮತ್ತೆ ಏರಿತ್ತು, ಬಿಸಿನೀರು ಮತ್ತೆ ಬಂದಿತ್ತು. ಒಂದು ಸಂಜೆ ನಾನು ಮುಲಾಮು ಹಚ್ಚುತ್ತ, "ಬಿಟ್ಬಿಡಿ ಅತ್ತೆ. ಊರ ಮಕ್ಕಳನ್ನೆಲ್ಲ ನೀವೇ ಹೆತ್ತಿದೀರಾ? ನೀವು ಬಿದ್ದುಹೋದ್ರೆ ಆಮೇಲೆ ಯಾರು ನಿಲ್ತಾರೆ?" ಅಂದೆ.

"ಯಾರೂ ನಿಲ್ಲಲ್ಲ. ಅದಕ್ಕೇ ಕಲಿಸ್ತಾ ಇರೋದು" ಅಂದರು. "ನಾನು ಇದನ್ನ ಮೊದಲ ದಿನಾನೇ ಕಲಿಸಿದ್ರೆ ಇಷ್ಟೊತ್ತಿಗೆ ಯಾವತ್ತೋ ಕೂತಿರ್ತಿದ್ದೆ ಕಣೇ. ನನ್ನ ಬೆನ್ನೇ ದೊಡ್ಡದು ಅಂದ್ಕೊಂಡೆ."

ಇನ್ನೊಂದು ಕಾಲು ಕೊಡಿ ಅಂದೆ.

ಹೀಗೇ ಮಳೆಗಾಲ ಹೋಯಿತು. ಒಂದು ಬೆಳಗ್ಗೆ ಅತ್ತೆಯ ಮಂಡಿ ಹಿಡಿದುಕೊಂಡಿತ್ತು, ಒಬ್ಬರೇ ಇಳಿಯಲು ಆಗಲಿಲ್ಲ, ನಾನೂ ಜೊತೆಗೆ ಹೋದೆ. ಇಬ್ಬರೂ ಶಾಲೆಯ ಗೋಡೆಯ ಹತ್ತಿರ ನಿಂತೆವು. ಎದುರು ಬದಿಯ ಹಳದಿ ಗೆರೆಯ ಮೇಲೆ ಪುಟ್ಟಿ, ಅವಳ ಒಂದೊಂದು ಪಕ್ಕಕ್ಕೆ ಒಂದೊಂದು ಸಣ್ಣ ಮಗು. ಪುಟ್ಟಿ ಕೈ ಎತ್ತಿದಳು. ಬರುತ್ತಿದ್ದ ಬಸ್ಸು ಬೋರ್ಡಿನ ಹತ್ತಿರ ನಿಂತಿತು. ಮೂವರೂ ಗೆರೆಯಿಂದ ರಸ್ತೆಗಿಳಿದರು, ಬಿಳಿ ಪಟ್ಟೆಯ ಮೇಲೆ ನಡೆದರು. ಆಗ ಬಸ್ಸಿನ ಹಿಂದೆ ಒಂದು ಬೈಕು ಕೇಳಿಸಿತು. ನಿಂತ ಬಸ್ಸಿಗೆ ಕಾಯಲಾರದೆ ಅದು ಪಕ್ಕದಿಂದ ನುಗ್ಗುತ್ತಿತ್ತು. ನಮಗೆ ಕಂಡಿತು. ಬಸ್ಸಿನ ಮರೆಯಲ್ಲಿದ್ದ ಮಕ್ಕಳಿಗೆ ಕಾಣುವ ಹಾಗಿರಲಿಲ್ಲ.

ಕೂಗುವಷ್ಟು ಹೊತ್ತೂ ಇರಲಿಲ್ಲ. ಅತ್ತೆಯ ಒಂದು ಕಾಲು ಆಗಲೇ ರಸ್ತೆಗಿಳಿದಿತ್ತು, ಇನ್ನೊಂದು ಮಂಡಿ ಮಡಚಲಿಲ್ಲ. ಹಾಗೇ ನಿಂತುಬಿಟ್ಟರು. ಎದುರಿಗೆ ಪುಟ್ಟಿ ಬಸ್ಸಿನ ಅಂಚಿಗೆ ಬಂದವಳು ತಾನಾಗಿ ನಿಂತಳು. ಎರಡೂ ತೋಳು ಚಾಚಿ ಸಣ್ಣವರನ್ನು ತಡೆದು, ಕತ್ತು ಮುಂದೆ ಹಾಕಿ ಇಣುಕಿದಳು. ಬೈಕು ಅವರ ಮುಂದೆ ಹಾದುಹೋಯಿತು. ಅವಳು ಮತ್ತೊಮ್ಮೆ ಇಣುಕಿ, ಮಕ್ಕಳ ಕೈ ಹಿಡಿದು ದಾಟಿ, ನಮ್ಮ ಪಕ್ಕದಲ್ಲೇ ನಡೆದು ಗೇಟಿನೊಳಗೆ ಹೋದಳು. ನಮ್ಮನ್ನು ತಿರುಗಿ ನೋಡಲಿಲ್ಲ. ಒಂದು ಮಗು ಏನೋ ಕೇಳುತ್ತಿತ್ತು, ಅವಳು ಅದಕ್ಕೆ ಉತ್ತರ ಹೇಳುತ್ತ ಹೋದಳು.

ಅತ್ತೆ ಕಾಲನ್ನು ಮೇಲಕ್ಕೆ ಎಳೆದುಕೊಂಡರು. ನಾನು ಅವರ ರಟ್ಟೆ ಹಿಡಿದುಕೊಂಡಿದ್ದೆ.

"ನೋಡಿದ್ಯಾ?" ಅಂದರು.

"ನೋಡಿದೆ ಅತ್ತೆ."

"ನನ್ನ ಕಡೆ ತಿರುಗಲೇ ಇಲ್ಲ ಅವಳು."

"ತಿರುಗ್ಬೇಡ ಅಂತ ಕಲಿಸಿದ್ದು ನೀವೇ ಅಲ್ವಾ?"

"ನಾನೇ ಕಣೇ" ಅಂದರು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. ನನಗೂ ಅಳು ಬಂತು, ಅದು ಮಗಳು ಬದುಕಿದ ಸಮಾಧಾನವೋ ಈ ಮುದುಕಿಯ ಮೇಲಿನ ಕನಿಕರವೋ ಬೇರೆ ಮಾಡಿ ಹೇಳಲಾರೆ. ಅತ್ತೆ ಗೋಡೆ ಹಿಡಿದು ಮೆಲ್ಲಗೆ ಬಗ್ಗಿ, ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತರು. ಅವರು ಆ ರಸ್ತೆಯಲ್ಲಿ ಕೂತದ್ದನ್ನು ಯಾರೂ ಯಾವತ್ತೂ ನೋಡಿರಲಿಲ್ಲ. ಮಕ್ಕಳು ಬರುತ್ತಲೇ ಇದ್ದವು, ಗೆರೆಯ ಮೇಲೆ ನಿಲ್ಲುತ್ತಿದ್ದವು, ಕೈ ಎತ್ತುತ್ತಿದ್ದವು, ದಾಟುತ್ತಿದ್ದವು. ಕೊನೆಯ ಮಗು ಒಳಗೆ ಹೋಗುವವರೆಗೂ ಅತ್ತೆ ಕೂತೇ ನೋಡಿದರು.

"ನಾಳೆಯಿಂದ ನನ್ನ ಎಬ್ಬಿಸ್ಬೇಡ" ಅಂದರು.

ಮರುದಿನ ನಾನು ಎಬ್ಬಿಸಲಿಲ್ಲ. ಪುಟ್ಟಿಗೆ ಸದ್ದು ಮಾಡದೆ ಜಡೆ ಹಾಕಿ, ಡಬ್ಬಿ ಕೊಟ್ಟು ಕಳಿಸಿದೆ. ಅವಳು ಮೆಟ್ಟಿಲು ಇಳಿದು ಹೋದ ಮೇಲೆ ಅತ್ತೆಯ ರೂಮಿಗೆ ಇಣುಕಿದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಿದ್ದೆ ಅಂದುಕೊಂಡು ಹೊದಿಕೆ ಸರಿಮಾಡಲು ಬಗ್ಗಿದರೆ ಕಣ್ಣು ಬಿಟ್ಟೇ ಇತ್ತು, ಎರಡು ಕೈಯೂ ಮುಷ್ಟಿ ಬಿಗಿದಿತ್ತು. ನಾನು ಮಾತಾಡಿಸದೆ ಮಂಚದ ಅಂಚಿನಲ್ಲಿ ಕೂತೆ. ಹಾಗೇ ಕೂತಿರುವಾಗ ದೂರದಲ್ಲಿ ಶಾಲೆಯ ಗಂಟೆ ಹೊಡೆಯಿತು. ಅದು ಪೂರ್ತಿ ಹೊಡೆದು ನಿಲ್ಲುವವರೆಗೂ ಅವರು ಕೇಳಿಸಿಕೊಂಡರು. ಆಮೇಲೆ ಮುಷ್ಟಿ ಬಿಟ್ಟು, ಕಣ್ಣು ಮುಚ್ಚಿದರು.